ನಾವು ತಿನ್ನುವ ಸೊಪ್ಪು, ನೆಲದೊಳಗಿನ ಲೋಹ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬುದು ನಮ್ಮ ಹಿರಿಯರ ಗಾದೆ. ಊಟ ಬಲ್ಲವನು ಎಂದರೆ ಯಾರು? ಹಸಿವರಿತು, ಹಿತವಾಗಿ ಮಿತವಾಗಿ ಉಣ್ಣುವವನು ಎಂದು ಹಿಂದಿನವರು ಅರ್ಥ ಹೇಳುತ್ತಿದ್ದರು. ಈಗ ಆ ಅರ್ಥಕ್ಕೆ ಇನ್ನೊಂದನ್ನು ಸೇರಿಸಬೇಕಾಗಿದೆ. ತಾನು ಉಣ್ಣುವ ಅನ್ನ, ಸೊಪ್ಪು, ಕಾಯಿಪಲ್ಲೆಗಳು ಯಾವ ಮಣ್ಣಿನಲ್ಲಿ ಬೆಳೆದವು, ಯಾವ ನೀರನ್ನು ಕುಡಿದವು ಎಂಬುದನ್ನೂ ಊಟ ಬಲ್ಲವನು ತಿಳಿದಿರಬೇಕು.

ಸಂತೆಯಲ್ಲಿ ಸೊಪ್ಪು ಕೊಳ್ಳುವಾಗ ನಾವು ಏನನ್ನು ನೋಡುತ್ತೇವೆ? ಬಾಡಿಲ್ಲವಷ್ಟೆ, ಹುಳು ತಿಂದಿಲ್ಲವಷ್ಟೆ, ಎಲೆ ಹಸಿರಾಗಿದೆಯಷ್ಟೆ ಎಂದು ನೋಡುತ್ತೇವೆ. ಇವೆಲ್ಲ ಕಣ್ಣಿಗೆ ಕಾಣುವ ಗುಣಗಳು. ಆ ಎಲೆಯೊಳಗೆ ಸೀಸವೋ ಕ್ಯಾಡ್ಮಿಯಂ ಎಂಬ ಲೋಹವೋ ಸೇರಿಕೊಂಡಿದ್ದರೆ ಅದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ನಾಲಗೆಗೂ ಗೊತ್ತಾಗದು. “ಬೆಳ್ಳಗಿರುವುದೆಲ್ಲ ಹಾಲಲ್ಲ” ಎಂಬಂತೆ ಹಸಿರಾಗಿರುವುದೆಲ್ಲ ಶುದ್ಧವಲ್ಲ. ಲೋಹವು ಮಣ್ಣಿನಿಂದ ಗಿಡಕ್ಕೆ ಹೇಗೆ ಏರುತ್ತದೆ, ಎಲ್ಲಿ ನಿಲ್ಲುತ್ತದೆ, ನಾವು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಭಾರಲೋಹಗಳೆಂದರೆ ಯಾವುವು?

ನೀರಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1 ಗ್ರಾಂ ಎಂದು ನಾವು ಪಾಠದಲ್ಲಿ ಓದಿದ್ದೇವೆ. ಅಲ್ಯೂಮಿನಿಯಂ 2.7 ಗ್ರಾಂ ತೂಗುತ್ತದೆ. ಅದು ಹಗುರ ಲೋಹ. ಸಾಮಾನ್ಯವಾಗಿ 5 ಗ್ರಾಂಗಿಂತ ಹೆಚ್ಚು ತೂಗುವ ಲೋಹಗಳನ್ನು ಭಾರಲೋಹಗಳೆಂದು ಕರೆಯುವ ರೂಢಿಯಿದೆ. ಕ್ರೋಮಿಯಂ 7.2, ಕ್ಯಾಡ್ಮಿಯಂ 8.6, ನಿಕ್ಕಲ್ 8.9, ಸೀಸ 11.3, ಪಾದರಸ 13.5 ಗ್ರಾಂ ತೂಗುತ್ತವೆ. ಕಬ್ಬಿಣ, ತಾಮ್ರ, ಸತು, ಮ್ಯಾಂಗನೀಸ್‌ಗಳೂ ಇದೇ ಗುಂಪಿನವು.

ಈ ಹೆಸರು ಕೇಳಿದೊಡನೆ ಎಲ್ಲವೂ ವಿಷವೆಂದು ತಿಳಿಯಬಾರದು. ಕಬ್ಬಿಣವಿಲ್ಲದೆ ನಮ್ಮ ರಕ್ತವಿಲ್ಲ. ಸತು ಕಡಿಮೆಯಾದರೆ ಭತ್ತದ ಪೈರು ಕುಂಠಿತವಾಗುತ್ತದೆ. ಮಕ್ಕಳ ಬೆಳವಣಿಗೆಯೂ ನಿಲ್ಲುತ್ತದೆ. ಇವು ಅಲ್ಪ ಪ್ರಮಾಣದಲ್ಲಿ ಬೇಕೇ ಬೇಕಾದವು, ಮಿತಿಮೀರಿದರೆ ಕೆಡುಕು ಮಾಡುವವು. ಆದರೆ ಸೀಸ, ಕ್ಯಾಡ್ಮಿಯಂ, ಪಾದರಸಗಳಿಂದ ಗಿಡಕ್ಕಾಗಲಿ ಮನುಷ್ಯನಿಗಾಗಲಿ ಯಾವ ಉಪಯೋಗವೂ ಇಲ್ಲ.

ಇವುಗಳಿಗೆ ಇನ್ನೊಂದು ಗುಣವಿದೆ. ಸಗಣಿ, ಎಲೆ, ಕಸಕಡ್ಡಿಗಳು ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅವನ್ನು ಕೊಳೆಸಿ ಗೊಬ್ಬರ ಮಾಡುತ್ತವೆ. ಲೋಹವು ಮೂಲವಸ್ತು, ಅದನ್ನು ಯಾವ ಸೂಕ್ಷ್ಮಜೀವಿಯೂ ಕೊಳೆಸಿ ಇಲ್ಲವಾಗಿಸಲಾರದು. ಭಾರತದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ನಿಂತದ್ದು 2000ನೇ ಇಸವಿಯಲ್ಲಿ. ಅದಕ್ಕೆ ಮೊದಲು ವಾಹನಗಳ ಹೊಗೆಯಿಂದ ರಸ್ತೆಬದಿಯ ಮಣ್ಣಿಗೆ ಇಳಿದ ಸೀಸವು ಬಹುಮಟ್ಟಿಗೆ ಇನ್ನೂ ಅಲ್ಲಿಯೇ ಇರುತ್ತದೆ.

ನಮ್ಮ ನಾಡಿನ ನೀರು

ಕೊಯಮತ್ತೂರು ಪಶ್ಚಿಮಘಟ್ಟದ ಮಳೆನೆರಳಿನ ಸೀಮೆ. ವರ್ಷಕ್ಕೆ ಬೀಳುವ ಮಳೆ 600ರಿಂದ 700 ಮಿಲಿಮೀಟರ್ ಮಾತ್ರ. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ನದಿ ಪೇರೂರು, ಕೊಯಮತ್ತೂರು, ಸೂಲೂರು, ತಿರುಪ್ಪೂರುಗಳನ್ನು ಹಾಯ್ದು, ಸುಮಾರು 180 ಕಿಲೋಮೀಟರ್ ಹರಿದು, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಈ ನದಿಯ ನೀರನ್ನು ಒಡ್ಡುಗಳಿಂದ ತಿರುಗಿಸಿ ಕೆರೆಯಿಂದ ಕೆರೆಗೆ ಹಾಯಿಸುವ ಏರ್ಪಾಡನ್ನು ಹಿಂದಿನವರು ಮಾಡಿದ್ದರು. ಉಕ್ಕಡಂ, ವಾಲಾಂಕುಳಂ, ಕುರಿಚ್ಚಿ, ಸಿಂಗಾನಲ್ಲೂರು, ಸೂಲೂರು ಕೆರೆಗಳು ಆ ಸಾಲಿನವು. ಮಳೆ ಕಡಿಮೆಯಾದ ನಾಡಿನಲ್ಲಿ ಹನಿ ನೀರನ್ನೂ ಬಿಡದ ಜಾಣ್ಮೆ ಅದು.

ಇದೇ ಊರು ಕೈಗಾರಿಕೆಯ ಊರೂ ಆಯಿತು. 1888ರಲ್ಲಿ ಮೊದಲ ನೂಲಿನ ಗಿರಣಿ ಬಂತು. 1930ರ ದಶಕದಲ್ಲಿ ಪೈಕಾರದ ವಿದ್ಯುತ್ತು ಬಂದ ಮೇಲೆ ಗಿರಣಿಗಳು ಹೆಚ್ಚಿದವು. ಜೊತೆಗೆ ಎರಕದ ಕಾರ್ಖಾನೆಗಳು, ನೀರೆತ್ತುವ ಪಂಪು, ಮೋಟಾರು, ಗ್ರೈಂಡರುಗಳ ತಯಾರಿಕೆ, ಲೋಹದ ಭಾಗಗಳಿಗೆ ನಿಕ್ಕಲ್, ಕ್ರೋಮಿಯಂ, ಸತುಗಳ ಲೇಪ ಕೊಡುವ ಸಣ್ಣ ಸಣ್ಣ ಘಟಕಗಳು ಬೆಳೆದವು. ತಿರುಪ್ಪೂರು ಬನಿಯನ್ ಬಟ್ಟೆಗೆ ಹೆಸರಾಯಿತು. ಬಟ್ಟೆಯನ್ನು ಬಿಳುಪು ಮಾಡುವ, ಬಣ್ಣ ಹಾಕುವ ಘಟಕಗಳು ನೂರಾರು ಎದ್ದವು. ಈ ಸೀಮೆಯಲ್ಲಿ ಮನೆಮಾತು ಕನ್ನಡವಾದ ದೇವಾಂಗ ನೇಕಾರರೂ ಇದ್ದಾರೆ, ಹೊಲ ಉಳುವ ಒಕ್ಕಲಿಗರೂ ಇದ್ದಾರೆ. ಆದುದರಿಂದ ಬಣ್ಣದ ನೀರಿನ ಕಥೆಯೂ ಹೊಲದ ನೀರಿನ ಕಥೆಯೂ ನಮಗೆ ಬೇರೆ ಬೇರೆಯಲ್ಲ.

ಊರಿನ ಕೊಳಚೆಯೂ ಕಾರ್ಖಾನೆಯ ಕಲ್ಮಶವೂ ಕೆರೆ ಹಳ್ಳಗಳನ್ನು ಸೇರಿದರೆ ಅದೇ ನೀರು ಹೊಲಕ್ಕೂ ಹೋಗುತ್ತದೆ. ಕೊಯಮತ್ತೂರಿನಲ್ಲಿರುವ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ಮಣ್ಣು ವಿಜ್ಞಾನಿಗಳು ಈ ಜಿಲ್ಲೆಯಲ್ಲಿ ಭಾರಲೋಹಗಳಿಂದ ಮಲಿನವಾದ ಮಣ್ಣುಗಳನ್ನು ಪರೀಕ್ಷಿಸಿ 2007ರಲ್ಲಿ ವರದಿಯನ್ನು ಪ್ರಕಟಿಸಿದರು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೀರು ಹಾಯುವ ಹೊಲಗಳ ಮಣ್ಣಿನಲ್ಲಿಯೂ ಬೆಳೆಗಳಲ್ಲಿಯೂ ಲೋಹಗಳನ್ನು ಅಳೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಇದು ಒಂದೇ ಊರಿನ ಸಮಸ್ಯೆಯಲ್ಲವೆಂದು ಇದರಿಂದ ತಿಳಿಯುತ್ತದೆ.

ಉಪ್ಪಿನ ಕೆಡುಕು, ಲೋಹದ ಕೆಡುಕು

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಚೆನ್ನಿಮಲೈ ಸಮೀಪದ ಒರತ್ತುಪಾಳ್ಯದಲ್ಲಿ ನೊಯ್ಯಲ್ ನದಿಗೆ 1992ರಲ್ಲಿ ಅಣೆಕಟ್ಟು ಸಿದ್ಧವಾಯಿತು. ನೀರಾವರಿಗೆಂದು ಕಟ್ಟಿದ ಈ ಜಲಾಶಯದಲ್ಲಿ ಕೆಲವೇ ವರ್ಷಗಳಲ್ಲಿ ತಿರುಪ್ಪೂರಿನ ಬಣ್ಣದ ಘಟಕಗಳ ನೀರು ತುಂಬಿಕೊಂಡಿತು. ಕೆಳಗಿನ ಊರುಗಳ ಹೊಲಗಳೂ ಬಾವಿಗಳೂ ಕೆಟ್ಟವು. ರೈತರು ನ್ಯಾಯಾಲಯಕ್ಕೆ ಹೋದರು. ಕಲ್ಮಶವನ್ನು ಸ್ವಲ್ಪವೂ ಹೊರಬಿಡದ ಏರ್ಪಾಡು ಮಾಡಿಕೊಳ್ಳುವವರೆಗೆ ಬಣ್ಣದ ಘಟಕಗಳನ್ನು ಮುಚ್ಚಬೇಕೆಂದು ಮದರಾಸು ಉಚ್ಚ ನ್ಯಾಯಾಲಯವು 2011ರ ಜನವರಿಯಲ್ಲಿ ಆಜ್ಞೆ ಮಾಡಿತು.

ಆ ನೀರಿನ ಮುಖ್ಯ ಹೊರೆ ಉಪ್ಪು. ಬಟ್ಟೆಗೆ ಬಣ್ಣ ಹಿಡಿಸಲು ಉಪ್ಪನ್ನು ಹೇರಳವಾಗಿ ಬಳಸುತ್ತಾರೆ. ಕೆಲವು ಬಣ್ಣಗಳಲ್ಲಿ ತಾಮ್ರ, ಕ್ರೋಮಿಯಂಗಳೂ ಇರುತ್ತವೆ. ಉಪ್ಪು ಹೆಚ್ಚಾದರೆ ಪೈರು ಒಣಗುತ್ತದೆ, ತೆಂಗು ಸೊರಗುತ್ತದೆ, ಬಾವಿಯ ನೀರು ಬಾಯಿಗೆ ಒಗರಾಗುತ್ತದೆ. ರೈತನಿಗೆ ಕಾಣುತ್ತದೆ, ಆತ ಕೂಗಿ ಹೇಳುತ್ತಾನೆ, ನ್ಯಾಯಾಲಯಕ್ಕೂ ಹೋಗುತ್ತಾನೆ. ಲೋಹದ ಕೆಡುಕು ಹಾಗಲ್ಲ. ಪೈರು ಹಸಿರಾಗಿಯೇ ನಿಂತಿರುತ್ತದೆ, ಇಳುವರಿ ಬರುತ್ತದೆ, ಮಾರಾಟವೂ ಆಗುತ್ತದೆ. ದೂರು ಕೊಡಲು ಯಾರಿಗೂ ಏನೂ ಕಾಣುವುದಿಲ್ಲ. ಆದುದರಿಂದಲೇ ಲೋಹದ ವಿಷಯವನ್ನು ಓದಿ ತಿಳಿಯಬೇಕಾಗಿದೆ.

ಬೇರು ಹೇಗೆ ಹೀರುತ್ತದೆ?

ಒಂದು ಸರಳ ಪ್ರಯೋಗವನ್ನು ನಾವೆಲ್ಲರೂ ಬಲ್ಲೆವು. ಬಿಳಿ ಕಾಶಿತುಂಬೆಯ ರೆಂಬೆಯೊಂದನ್ನು ಕತ್ತರಿಸಿ ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲಿ ಕಾಂಡದಲ್ಲಿಯೂ ಎಲೆಯ ನರಗಳಲ್ಲಿಯೂ ಕೆಂಪು ಗೆರೆಗಳು ಕಾಣುತ್ತವೆ. ನೀರಿನಲ್ಲಿ ಕರಗಿದ್ದು ನೀರಿನೊಡನೆ ಮೇಲೇರುತ್ತದೆ ಎಂಬುದು ಇದರಿಂದ ಸಿದ್ಧವಾಗುತ್ತದೆ. ಆದರೆ ಕತ್ತರಿಸಿದ ರೆಂಬೆಗೆ ಬೇರಿಲ್ಲ. ಬೇರಿರುವ ಗಿಡದಲ್ಲಿ ಒಂದು ಕಾವಲು ಇದೆ.

ಬೇರುರೋಮಗಳು ಮಣ್ಣಿನ ಕಣಗಳ ನಡುವೆ ಹರಡಿಕೊಂಡು ಅಲ್ಲಿನ ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಹೀರುತ್ತವೆ. ಬೇರಿನ ಒಳಭಾಗದಲ್ಲಿ ಜೀವಕೋಶಗಳ ಸುತ್ತ ಮೇಣದಂಥ ವಸ್ತುವಿನ ಪಟ್ಟಿಯೊಂದಿದೆ. ಇದನ್ನು ಕ್ಯಾಸ್ಪೇರಿಯನ್ ಪಟ್ಟಿ ಎನ್ನುತ್ತಾರೆ. ಕೋಶಗಳ ಸಂದಿಯಲ್ಲಿ ನುಸುಳಿ ಬಂದ ನೀರು ಇಲ್ಲಿ ತಡೆದು ನಿಲ್ಲುತ್ತದೆ. ಮುಂದೆ ಹೋಗಬೇಕಾದರೆ ಜೀವಕೋಶದ ಪೊರೆಯನ್ನು ದಾಟಲೇಬೇಕು. ಆ ಪೊರೆಯಲ್ಲಿ ಸುಣ್ಣದಂಶಕ್ಕೆ, ಕಬ್ಬಿಣಕ್ಕೆ, ಸತುವಿಗೆ ಎಂದು ಪ್ರೋಟೀನುಗಳಿಂದಾದ ಸಣ್ಣ ದ್ವಾರಗಳಿವೆ.

ಇಷ್ಟು ಭದ್ರವಾದ ಕಾವಲಿದ್ದರೂ ವಿಷಲೋಹ ಒಳಗೆ ಬರುವುದು ಹೇಗೆ? ಮೂಲವಸ್ತುಗಳ ಆವರ್ತಕೋಷ್ಟಕವನ್ನು ತೆರೆದು ನೋಡಿ. ಸತುವಿನ ಕೆಳಗೆ, ಅದೇ ಸಾಲಿನಲ್ಲಿ, ಕ್ಯಾಡ್ಮಿಯಂ ಇದೆ. ಒಂದೇ ಸಾಲಿನ ಮೂಲವಸ್ತುಗಳ ಗುಣಗಳು ಹೋಲುತ್ತವೆಂದು ನಾವು ಕಲಿತಿದ್ದೇವೆ. ಎರಡರ ಅಯಾನುಗಳಿಗೂ ಎರಡು ಧನ ಆವೇಶಗಳಿವೆ. ಗಾತ್ರದಲ್ಲಿ ಕ್ಯಾಡ್ಮಿಯಂ ಅಯಾನು ಕ್ಯಾಲ್ಸಿಯಂ ಅಯಾನಿಗೆ ಬಹಳ ಸಮೀಪ. ಹೀಗಾಗಿ ಸತುವಿಗೂ ಕಬ್ಬಿಣಕ್ಕೂ ಕ್ಯಾಲ್ಸಿಯಮ್ಮಿಗೂ ಇಟ್ಟ ದ್ವಾರಗಳಲ್ಲಿ ಕ್ಯಾಡ್ಮಿಯಂ ನುಸುಳಿ ಬರುತ್ತದೆ. ಭತ್ತದಲ್ಲಿ ಅದು ಮ್ಯಾಂಗನೀಸಿನ ದ್ವಾರದಿಂದಲೂ ಬರುತ್ತದೆ. ಗಿಡವು ವಿಷವೆಂದು ತಿಳಿದು ಕುಡಿಯುವುದಿಲ್ಲ. ಆಹಾರವೆಂದು ಒಳಗೆ ಬಿಟ್ಟುಕೊಳ್ಳುತ್ತದೆ.

ಗಿಡವೇ ನಮ್ಮನ್ನು ಕಾಯುವುದೇ?

ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ರೂಫಸ್ ಚೇನಿ ಎಂಬವರು 1980ರಲ್ಲಿ ಈ ಪ್ರಶ್ನೆಯನ್ನು ವಿಚಾರಮಾಡಿ, ಲೋಹಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಇದನ್ನು ನೆನಪಿಟ್ಟುಕೊಂಡರೆ ವಿಷಯವೆಲ್ಲ ಸುಲಭವಾಗುತ್ತದೆ.

ಮೊದಲನೆಯ ಗುಂಪು ಮಣ್ಣಿನಲ್ಲಿ ಕರಗದ ಲೋಹಗಳು. ಕ್ರೋಮಿಯಂ ಸಾಮಾನ್ಯವಾಗಿ ಮಣ್ಣಿನಲ್ಲಿ ಮೂರು ವೇಲೆನ್ಸಿಯ ರೂಪದಲ್ಲಿದ್ದು ಕರಗದೆ ಉಳಿಯುತ್ತದೆ. ಇಲ್ಲಿ ಮಣ್ಣೇ ಕಾವಲುಗಾರ. ಆರು ವೇಲೆನ್ಸಿಯ ರೂಪವಾದರೆ ಮಾತ್ರ ಅದು ನೀರಿನಲ್ಲಿ ಕರಗಿ ಬಾವಿಗೂ ಇಳಿಯಬಲ್ಲದು. ಆ ರೂಪ ಬಹಳ ವಿಷಕಾರಿ.

ಎರಡನೆಯದು ಸೀಸ, ಪಾದರಸಗಳ ಗುಂಪು. ಇವು ಬೇರನ್ನು ಸೇರಿದರೂ ಬಹುಪಾಲು ಬೇರಿನಲ್ಲಿಯೇ ಅಂಟಿಕೊಂಡು ನಿಲ್ಲುತ್ತವೆ. ಮೇಲಕ್ಕೆ ಏರುವುದು ಕಡಿಮೆ. ಇಲ್ಲಿ ಬೇರು ಕಾವಲುಗಾರ. ಸೊಪ್ಪಿನಲ್ಲಿ ಸೀಸ ಕಂಡರೆ ಅದರಲ್ಲಿ ಹೆಚ್ಚಿನ ಪಾಲು ಎಲೆಯ ಮೇಲೆ ಕೂತ ಧೂಳು ಮಣ್ಣಿನದಾಗಿರುತ್ತದೆ.

ಮೂರನೆಯದು ಸತು, ತಾಮ್ರ, ನಿಕ್ಕಲ್ ಮುಂತಾದವುಗಳ ಗುಂಪು. ಇವು ಎಲೆಯವರೆಗೂ ಏರುತ್ತವೆ. ಆದರೆ ತಿನ್ನುವವನಿಗೆ ಕೇಡಾಗುವಷ್ಟು ಸೇರುವುದಕ್ಕೆ ಮೊದಲೇ ಗಿಡ ಹಳದಿಯಾಗಿ ಕುಗ್ಗಿ ಸಾಯುತ್ತದೆ. ಗಿಡ ತನ್ನ ಪ್ರಾಣ ಕೊಟ್ಟು ನಮಗೆ ಎಚ್ಚರಿಕೆ ಕೊಡುತ್ತದೆ.

ನಾಲ್ಕನೆಯ ಗುಂಪಿನ ಮುಖ್ಯ ಲೋಹ ಕ್ಯಾಡ್ಮಿಯಂ. ಗಿಡವು ಇದನ್ನು ಹೀರಿಕೊಂಡು, ವಿಶೇಷ ವಸ್ತುಗಳಿಂದ ಕಟ್ಟಿಹಾಕಿ, ಜೀವಕೋಶದ ಒಳಚೀಲದಲ್ಲಿ ಬಚ್ಚಿಡುತ್ತದೆ. ಹಾಗಾಗಿ ಗಿಡಕ್ಕೆ ಏನೂ ಆಗುವುದಿಲ್ಲ, ತಿಂದವನಿಗೆ ಆಗುತ್ತದೆ. ಮಣ್ಣಿನ ಕಾವಲು, ಬೇರಿನ ಕಾವಲು, ಗಿಡದ ಎಚ್ಚರಿಕೆ ಈ ಮೂರನ್ನೂ ದಾಟಿ ಬರುವ ಲೋಹವಿದು.

ಮಣ್ಣಿನ ಗುಣ, ಬೆಳೆಯ ಗುಣ

ಒಂದೇ ಪ್ರಮಾಣದ ಲೋಹ ಎರಡು ಹೊಲಗಳಲ್ಲಿದ್ದರೂ ಎರಡರ ಬೆಳೆಯಲ್ಲಿ ಒಂದೇ ಪ್ರಮಾಣ ಇರುವುದಿಲ್ಲ. ಹುಳಿ ಮಣ್ಣಿನಲ್ಲಿ ಲೋಹ ಹೆಚ್ಚು ಕರಗುತ್ತದೆ. ಸುಣ್ಣದಂಶವಿರುವ ಕ್ಷಾರ ಮಣ್ಣಿನಲ್ಲಿ ಕಡಿಮೆ. ಜೇಡಿಯ ಕಣಗಳೂ ಕೊಳೆತ ಗೊಬ್ಬರದ ಅಂಶವೂ ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ನಮ್ಮ ಸೀಮೆಯಲ್ಲಿ ಸುಣ್ಣದ ಹರಳು ಬೆರೆತ ಕರಿಮಣ್ಣು, ಕೆಂಪುಮಣ್ಣುಗಳು ಬಹಳವಾಗಿವೆ. ಇದು ನಮಗೆ ಪ್ರಕೃತಿಯೇ ಕೊಟ್ಟ ಒಂದು ರಕ್ಷಣೆ.

ಆದರೆ ಈ ರಕ್ಷಣೆಯನ್ನು ಉಪ್ಪು ಕೆಡಿಸಬಲ್ಲದು. ಉಪ್ಪಿನಲ್ಲಿರುವ ಕ್ಲೋರೈಡ್ ಅಯಾನು ಕ್ಯಾಡ್ಮಿಯಮ್ಮಿನೊಡನೆ ಕೂಡಿ ಅದನ್ನು ಮಣ್ಣಿನ ಕಣದಿಂದ ಬಿಡಿಸಿ ನೀರಿಗೆ ತರುತ್ತದೆ. ಆಸ್ಟ್ರೇಲಿಯಾದಲ್ಲಿ ಉಪ್ಪುನೀರು ಹಾಯಿಸಿದ ಹೊಲಗಳ ಆಲೂಗಡ್ಡೆಯಲ್ಲಿ ಕ್ಯಾಡ್ಮಿಯಂ ಹೆಚ್ಚಾದುದನ್ನು 1990ರ ದಶಕದಲ್ಲಿ ವಿಜ್ಞಾನಿಗಳು ಕಂಡರು. ಒಂದು ಕಾರ್ಖಾನೆಯ ಉಪ್ಪೂ ಇನ್ನೊಂದು ಕಾರ್ಖಾನೆಯ ಲೋಹವೂ ಒಂದೇ ಹಳ್ಳದಲ್ಲಿ ಕೂಡಿದರೆ ಏನಾಗಬಹುದೆಂದು ನಾವು ಇದರಿಂದ ಊಹಿಸಬಹುದು.

ಇನ್ನು ಬೆಳೆಯ ಮಾತು. ನೀರನ್ನು ಹೆಚ್ಚಾಗಿ ಎಳೆಯುವ ಭಾಗ ಎಲೆ. ಆದುದರಿಂದ ಪಾಲಕ್, ದಂಟು, ಅರಿವೆ ಮುಂತಾದ ಸೊಪ್ಪುಗಳಲ್ಲಿ, ಇಲ್ಲಿನವರು ಕೀರೈ ಎನ್ನುವವುಗಳಲ್ಲಿ, ಲೋಹ ಹೆಚ್ಚು ಸೇರುತ್ತದೆ. ಮೂಲಂಗಿ, ಕ್ಯಾರೆಟ್ಟಿನಂಥ ಗೆಡ್ಡೆಬೇರುಗಳು ಮಣ್ಣಿಗೆ ನೇರವಾಗಿ ತಗುಲಿಕೊಂಡಿರುವುದರಿಂದ ಸಿಪ್ಪೆಯಲ್ಲಿ ಲೋಹವಿರಬಹುದು. ಬದನೆ, ಬೆಂಡೆ, ಸೋರೆ, ಟೊಮೇಟೊಗಳಂಥ ಕಾಯಿಗಳಲ್ಲಿ ಸಾಮಾನ್ಯವಾಗಿ ಕಡಿಮೆ. ತೆಂಗಿನಂಥ ಮರದ ಫಲಕ್ಕೆ ತಲುಪುವುದು ಇನ್ನೂ ಕಡಿಮೆ. ಧಾನ್ಯಗಳಲ್ಲಿ ಪ್ರಮಾಣ ಅಷ್ಟಿರದಿದ್ದರೂ ಅಕ್ಕಿಯನ್ನು ನಾವು ದಿನವೂ ಹೆಚ್ಚಾಗಿ ಉಣ್ಣುವುದರಿಂದ ಅದನ್ನು ಅಲಕ್ಷಿಸುವಂತಿಲ್ಲ.

ಒಂದು ಎಕರೆಯ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಇದು ಯಾವ ಹೊಲದ ಅಳತೆಯೂ ಅಲ್ಲ. ತಿಳಿವಳಿಕೆಗಾಗಿ ಹಾಕಿದ ಲೆಕ್ಕ. ನೀರಾವರಿಯ ನೀರಿನಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳಿದೆ. ನಮ್ಮ ನೀರು ಆ ಮಿತಿಯಲ್ಲಿಯೇ ಇದೆಯೆಂದು ಇಟ್ಟುಕೊಳ್ಳೋಣ.

ಒಂದು ಎಕರೆ ಎಂದರೆ ಸುಮಾರು 4,000 ಚದರ ಮೀಟರ್. ಒಂದು ಸಲಕ್ಕೆ 5 ಸೆಂಟಿಮೀಟರ್ ಆಳ ನೀರು ಕಟ್ಟಿದರೆ 2 ಲಕ್ಷ ಲೀಟರಾಯಿತು. ವರ್ಷಕ್ಕೆ 20 ಸಲ ಕಟ್ಟಿದರೆ 40 ಲಕ್ಷ ಲೀಟರು. ಲೀಟರಿಗೆ 0.01 ಮಿಲಿಗ್ರಾಂನಂತೆ 40,000 ಮಿಲಿಗ್ರಾಂ, ಅಂದರೆ 40 ಗ್ರಾಂ ಕ್ಯಾಡ್ಮಿಯಂ ವರ್ಷಕ್ಕೆ ಆ ಎಕರೆಗೆ ಬಂತು.

ಹೋಗುವುದೆಷ್ಟು? ಒಂದು ಬೆಳೆಗೆ 5 ಟನ್ ಸೊಪ್ಪಿನಂತೆ ವರ್ಷಕ್ಕೆ ನಾಲ್ಕು ಬೆಳೆ ತೆಗೆದರೆ 20,000 ಕಿಲೋಗ್ರಾಂ ಸೊಪ್ಪು. ಸೊಪ್ಪಿನಲ್ಲಿ ಕಿಲೋಗ್ರಾಂಗೆ 0.2 ಮಿಲಿಗ್ರಾಂ ಇದ್ದರೆ ಒಟ್ಟು 4 ಗ್ರಾಂ. ನಲವತ್ತು ಗ್ರಾಂ ಬಂದು ನಾಲ್ಕು ಗ್ರಾಂ ಹೋಯಿತು. ಉಳಿದ 36 ಗ್ರಾಮಿನಲ್ಲಿ ಬಹುಪಾಲು ಮಣ್ಣಿನಲ್ಲಿಯೇ ನಿಲ್ಲುತ್ತದೆ.

ಒಂದು ಎಕರೆಯ ಮೇಲ್ಪದರದ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕಿಲೋಗ್ರಾಂ ತೂಗುತ್ತದೆ. 36 ಗ್ರಾಮನ್ನು ಅದರಲ್ಲಿ ಹಂಚಿದರೆ ವರ್ಷಕ್ಕೆ ಕಿಲೋಗ್ರಾಂ ಮಣ್ಣಿಗೆ 0.04 ಮಿಲಿಗ್ರಾಂ. ಎಷ್ಟು ಅಲ್ಪ! ಆದರೆ 20 ವರ್ಷಕ್ಕೆ ಅದು 0.8 ಮಿಲಿಗ್ರಾಂ ಆಗುತ್ತದೆ. ಮಲಿನವಾಗದ ಮಣ್ಣಿನಲ್ಲಿ ಸಹಜವಾಗಿ ಇರುವ ಕ್ಯಾಡ್ಮಿಯಮ್ಮೇ ಸಾಮಾನ್ಯವಾಗಿ 1 ಮಿಲಿಗ್ರಾಂಗಿಂತ ಕಡಿಮೆ. ಅಂದರೆ ಒಂದು ತಲೆಮಾರು ಕಳೆಯುವುದರೊಳಗೆ ಪ್ರಕೃತಿ ಇಟ್ಟಿದ್ದಕ್ಕಿಂತ ಹೆಚ್ಚನ್ನು ನಾವು ತುಂಬಿದಂತಾಯಿತು. “ಹನಿ ಹನಿ ಗೂಡಿದರೆ ಹಳ್ಳ” ಎಂಬ ಗಾದೆ ಒಳ್ಳೆಯದಕ್ಕೆ ಸಲ್ಲುವಂತೆ ಕೆಟ್ಟದಕ್ಕೂ ಸಲ್ಲುತ್ತದೆ.

ಜಪಾನು ಕಲಿಸಿದ ಪಾಠ

ಇದು ಬರಿಯ ಲೆಕ್ಕವಲ್ಲವೆಂಬುದಕ್ಕೆ ಜಪಾನಿನ ಜಿನ್ಜು ನದಿಯ ದಂಡೆ ಸಾಕ್ಷಿ. ಟೊಯಾಮ ಪ್ರಾಂತದ ಈ ನದಿಗೆ ಮೇಲಿನ ಕಮಿಯೋಕ ಗಣಿಯಿಂದ ಸತುವಿನ ಅದಿರು ತೊಳೆದ ನೀರು ಸೇರುತ್ತಿತ್ತು. ಅದರಲ್ಲಿ ಕ್ಯಾಡ್ಮಿಯಂ ಇತ್ತು. ನದಿಯ ನೀರು ಭತ್ತದ ಗದ್ದೆಗಳಿಗೆ ಹಾಯಿತು. ಭತ್ತ ಬೆಳೆಯಿತು, ಜನ ಉಂಡರು. ಬಹುಕಾಲದ ಮೇಲೆ ಹಳ್ಳಿಗಳ ನಡುವಯಸ್ಸಿನ ಹೆಂಗಸರಲ್ಲಿ ವಿಚಿತ್ರವಾದ ರೋಗ ಕಾಣಿಸಿತು. ಮೂತ್ರಪಿಂಡಗಳು ಕೆಟ್ಟು, ಮೂಳೆಗಳು ಮೆತ್ತಗಾಗಿ, ಕೆಮ್ಮಿದರೂ ಮುರಿಯುವಂತಾದವು. ನೋವು ತಾಳಲಾರದೆ ಅವರು “ಇತಾಯ್, ಇತಾಯ್” ಎಂದು ನರಳುತ್ತಿದ್ದರು. “ನೋವು, ನೋವು” ಎಂದು ಅದರ ಅರ್ಥ. ರೋಗಕ್ಕೆ ಅದೇ ಹೆಸರಾಯಿತು. ಇದಕ್ಕೆ ಕ್ಯಾಡ್ಮಿಯಮ್ಮೇ ಕಾರಣವೆಂದು ಜಪಾನಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ 1979ರಲ್ಲಿ ಆರಂಭವಾಗಿ 2012ರಲ್ಲಿ ಮುಗಿಯಿತು. ಎಂಟುನೂರಕ್ಕೂ ಹೆಚ್ಚು ಹೆಕ್ಟೇರ್ ನೆಲಕ್ಕೆ ಮೂವತ್ತಮೂರು ವರ್ಷ ಬೇಕಾಯಿತು. ಹಣವೂ ಯಂತ್ರವೂ ಹೇರಳವಾಗಿದ್ದ ದೇಶದ ಮಾತು ಇದು.

ನಮ್ಮ ಸೀಮೆಯಲ್ಲಿ ಅಂಥ ರೋಗ ಬಂದಿದೆಯೆಂದು ಇದರ ಅರ್ಥವಲ್ಲ. ಅಲ್ಲಿ ಗಣಿಯ ಕಲ್ಮಶ ಅತಿಯಾಗಿತ್ತು. ಬರುವುದಕ್ಕೆ ಮೊದಲೇ ಎಚ್ಚರವಾಗಿರಬೇಕೆಂಬುದೇ ಇದರ ಪಾಠ.

ದೇಹದೊಳಗೆ

ನಾವು ತಿಂದ ಕ್ಯಾಡ್ಮಿಯಮ್ಮಿನಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಆದರೆ ಸೇರಿದ್ದು ಮೂತ್ರಪಿಂಡದಲ್ಲಿ ಕೂತರೆ ಅದರ ಅರ್ಧ ಹೊರಹೋಗಲು 10ರಿಂದ 30 ವರ್ಷ ಬೇಕು. ಸೀಸವು ಮೂಳೆಯಲ್ಲಿ ಕ್ಯಾಲ್ಸಿಯಮ್ಮಿನ ಜಾಗದಲ್ಲಿ ಕೂಡುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು ಮಾಡುತ್ತದೆ. ದೊಡ್ಡವರಿಗಿಂತ ಮಕ್ಕಳ ಕರುಳು ಸೀಸವನ್ನು ನಾಲ್ಕೈದು ಪಟ್ಟು ಹೆಚ್ಚಾಗಿ ಹೀರುತ್ತದೆ.

ಕ್ಯಾಡ್ಮಿಯಂ ತಿಂಗಳಿಗೆ ದೇಹತೂಕದ ಕಿಲೋಗ್ರಾಂಗೆ 25 ಮೈಕ್ರೋಗ್ರಾಂ ಮೀರಬಾರದೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ 2010ರಲ್ಲಿ ನಿಗದಿಮಾಡಿತು. 40 ಕಿಲೋ ತೂಗುವ ವಿದ್ಯಾರ್ಥಿಗೆ ಇದು ತಿಂಗಳಿಗೆ 1 ಮಿಲಿಗ್ರಾಂ. ಆತ ದಿನಕ್ಕೆ 100 ಗ್ರಾಂ ಸೊಪ್ಪು ತಿಂದರೆ ತಿಂಗಳಿಗೆ 3 ಕಿಲೋ. ಸೊಪ್ಪಿನಲ್ಲಿ ಕಿಲೋಗೆ 0.2 ಮಿಲಿಗ್ರಾಂ ಇದ್ದರೆ, ಎಂದರೆ ನಿಯಮವು ಸೊಪ್ಪಿಗೆ ಒಪ್ಪುವ ಮಿತಿಯಷ್ಟೇ ಇದ್ದರೆ, 0.6 ಮಿಲಿಗ್ರಾಂ ಆಯಿತು. ದಿನಕ್ಕೆ 300 ಗ್ರಾಂ ಅಕ್ಕಿಯಂತೆ ತಿಂಗಳಿಗೆ 9 ಕಿಲೋ. ಅದರಲ್ಲಿ ಕಿಲೋಗೆ 0.05 ಮಿಲಿಗ್ರಾಂ ಮಾತ್ರ ಇದ್ದರೂ 0.45 ಮಿಲಿಗ್ರಾಂ. ಎರಡೂ ಕೂಡಿ 1.05. ಸೊಪ್ಪು ಮಿತಿಯನ್ನು ದಾಟಲಿಲ್ಲ, ಅಕ್ಕಿಯೂ ದಾಟಲಿಲ್ಲ. ಆದರೆ ಉಂಡವನು ದಾಟಿದನು. ತಿಂಗಳೆರಡು ತಿಂಗಳಲ್ಲಿ ಇದರಿಂದ ಏನೂ ಆಗದು. ವರ್ಷಾನುಗಟ್ಟಲೆ ಹಾಗೆಯೇ ನಡೆದರೆ ಆಗುತ್ತದೆ.

ನಾವು ಏನು ಮಾಡಬಹುದು?

ಇಷ್ಟನ್ನು ಓದಿ ಸೊಪ್ಪು ತಿನ್ನುವುದನ್ನು ಬಿಡಬೇಕೆಂದು ಯಾರೂ ತಿಳಿಯಬಾರದು. ಸೊಪ್ಪಿನಲ್ಲಿ ಕಬ್ಬಿಣ, ಸುಣ್ಣದಂಶ, ಜೀವಸತ್ವಗಳಿವೆ. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗಲೇ ಕ್ಯಾಡ್ಮಿಯಂ ಹೆಚ್ಚಾಗಿ ಹೀರಲ್ಪಡುತ್ತದೆ. ಆದುದರಿಂದ ಚೆನ್ನಾಗಿ ಉಂಡವನಿಗೆ ಅಪಾಯ ಕಡಿಮೆ.

ಮನೆಯಲ್ಲಿ: ಸೊಪ್ಪನ್ನು ಬಿಡಿಸಿ ಎರಡು ಮೂರು ನೀರಿನಲ್ಲಿ ತೊಳೆಯಬೇಕು. ಧೂಳಿನ ಸೀಸ ಇದರಿಂದ ಹೋಗುತ್ತದೆ. ಒಳಗೆ ಸೇರಿದ ಕ್ಯಾಡ್ಮಿಯಂ ಹೋಗದು. ಗೆಡ್ಡೆಗಳ ಸಿಪ್ಪೆ ತೆಗೆಯಬೇಕು. ಒಂದೇ ಬಗೆಯ ಸೊಪ್ಪನ್ನು ಒಂದೇ ಕಡೆಯಿಂದ ದಿನವೂ ತರದೆ ಬದಲಾಯಿಸುತ್ತಿರಬೇಕು. ಹಳೆಯ ಬ್ಯಾಟರಿ, ಬಣ್ಣದ ಡಬ್ಬ, ಕೆಟ್ಟ ವಿದ್ಯುತ್ ಉಪಕರಣಗಳನ್ನು ತಿಪ್ಪೆಗೆ ಎಸೆಯಬಾರದು. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆಂಬುದನ್ನು ಮರೆಯಬಾರದು.

ಹೊಲದಲ್ಲಿ: ಮಣ್ಣನ್ನೂ ನೀರನ್ನೂ ಪರೀಕ್ಷೆ ಮಾಡಿಸಬೇಕು. ಲೋಹಗಳ ಪರೀಕ್ಷೆಯನ್ನು ಬೇರೆಯಾಗಿ ಕೇಳಬೇಕು. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂಗಳನ್ನು ನೋಡುವುದಿಲ್ಲ. ಕೊಟ್ಟಿಗೆ ಗೊಬ್ಬರ ಹಾಕಿದರೆ ಲೋಹ ಹಿಡಿದು ನಿಲ್ಲುತ್ತದೆ. ಸತುವಿನ ಕೊರತೆಯಿರುವ ಮಣ್ಣಿಗೆ ಸತುವಿನ ಸಲ್ಫೇಟನ್ನು ಕೊಟ್ಟರೆ ಬೇರಿನ ದ್ವಾರದಲ್ಲಿ ಸತುವಿಗೆ ಜಾಗ ಸಿಕ್ಕಿ ಕ್ಯಾಡ್ಮಿಯಂ ಹಿಂದೆ ಬೀಳುತ್ತದೆ. ಕೆಟ್ಟಿದೆಯೆಂದು ತಿಳಿದ ನೆಲದಲ್ಲಿ ಸೊಪ್ಪಿನ ಬದಲು ಹತ್ತಿ, ಹೂವು, ಮರಮುಟ್ಟಿನ ಗಿಡಗಳನ್ನು ಬೆಳೆಯುವುದು ಲೇಸು.

ಆದರೆ ರೈತನ ಮೇಲೆ ತಪ್ಪು ಹೊರಿಸುವುದು ಸಲ್ಲದು. ಮಳೆ ಬಾರದ ನಾಡಿನಲ್ಲಿ ವರ್ಷವಿಡೀ ಹರಿಯುವ ನೀರು ಊರ ಕೊಳಚೆಯೊಂದೇ ಆದಾಗ ಆತ ಅದನ್ನೇ ಹೊಲಕ್ಕೆ ತಿರುಗಿಸುತ್ತಾನೆ. ಅದರಲ್ಲಿ ಸಾರಜನಕ, ರಂಜಕಗಳಿರುವುದರಿಂದ ಬೆಳೆಯೂ ಚೆನ್ನಾಗಿ ಬರುತ್ತದೆ. ಊರಿನ ಕೊಳಚೆ ಶುದ್ಧವಾದರೆ ಹೊಲಕ್ಕೆ ಒಳ್ಳೆಯ ನೀರೇ. ಅದರಲ್ಲಿ ಲೋಹ ಬೆರೆಸಿದವನು ರೈತನಲ್ಲ. ಲೇಪದ ಘಟಕದ ತೊಟ್ಟಿಯಲ್ಲಿ ನಿಕ್ಕಲ್, ಕ್ರೋಮಿಯಂಗಳು ಗಟ್ಟಿಯಾಗಿ ಇರುವಾಗ ಅವನ್ನು ಸುಣ್ಣ ಮುಂತಾದವುಗಳಿಂದ ಬೇರ್ಪಡಿಸುವುದು ಸುಲಭ, ಮರಳಿ ಬಳಸಲೂಬಹುದು. ಅದೇ ಲೋಹ ಹಳ್ಳ ಸೇರಿ, ಕೆರೆ ಸೇರಿ, ಒಂಬತ್ತು ಲಕ್ಷ ಕಿಲೋ ಮಣ್ಣಿನಲ್ಲಿ ಹರಡಿದ ಮೇಲೆ ಹೆಕ್ಕಿ ತೆಗೆಯುವವರು ಯಾರು? ಲೋಹವನ್ನು ಹೆಚ್ಚಾಗಿ ಹೀರುವ ಕೆಲವು ಸಸ್ಯಗಳಿಂದ ನೆಲವನ್ನು ಶುದ್ಧಮಾಡುವ ಪ್ರಯತ್ನಗಳು ನಡೆದಿವೆಯಾದರೂ ಅದಕ್ಕೆ ಅನೇಕ ವರ್ಷಗಳು ಹಿಡಿಯುತ್ತವೆ. ಬೆಳೆದ ಸಸ್ಯವನ್ನು ಎಲ್ಲಿ ಹಾಕುವುದೆಂಬ ಪ್ರಶ್ನೆಯೂ ಉಳಿಯುತ್ತದೆ. ಆದುದರಿಂದ ಕಾವಲು ಇರಬೇಕಾದದ್ದು ಕಾರ್ಖಾನೆಯ ಬಾಗಿಲಿನಲ್ಲಿ. ನೀರಿನ ಮಾಲಿನ್ಯವನ್ನು ತಡೆಯುವ ಕಾನೂನು ನಮ್ಮ ದೇಶದಲ್ಲಿ 1974ರಿಂದಲೇ ಇದೆ.

ವಿದ್ಯಾರ್ಥಿ ಮಿತ್ರರೆ, ನಮ್ಮಲ್ಲಿ ಕೆಲವರು ಮುಂದೆ ಹೊಲ ಉಳುವವರಾಗುತ್ತೇವೆ. ಕೆಲವರು ಗಿರಣಿಯಲ್ಲಿ, ಎರಕದ ಮನೆಯಲ್ಲಿ, ಬಣ್ಣದ ಘಟಕದಲ್ಲಿ ದುಡಿಯುವವರಾಗುತ್ತೇವೆ. ಅಂಥದೊಂದು ಘಟಕವನ್ನು ನಡೆಸುವವರೂ ನಮ್ಮಲ್ಲೇ ಇರಬಹುದು. ತೊಟ್ಟಿಯ ನೀರನ್ನು ಚರಂಡಿಗೆ ಬಿಡುವ ಕೈ ನಮ್ಮದೇ ಆಗಿರುವ ದಿನ ಬಂದರೆ, ಆ ಚರಂಡಿ ಯಾವ ಹೊಲಕ್ಕೆ ಹೋಗುತ್ತದೆ, ಆ ಹೊಲದ ಸೊಪ್ಪು ಯಾರ ಮನೆಯ ಒಲೆಗೆ ಬರುತ್ತದೆ ಎಂಬ ಲೆಕ್ಕ ನಮಗೆ ನೆನಪಿರಲಿ. ಬೇರಿಗೆ ವಿಷವನ್ನೂ ಆಹಾರವನ್ನೂ ಬೇರ್ಪಡಿಸಲು ಬಾರದು. ಓದಿದ ನಮಗೆ ಬರುತ್ತದೆ.